ದೇವರಮನೆಯ ಗೋಡೆಗೆ ಬಣ್ಣ ಬಂದ ಬಗೆ

ನಮ್ಮ ಹಿರಿಯರ ಮನೆಗಳಲ್ಲಿ ಕಲೆಗೆಂದು ಬೇರೊಂದು ಕೋಣೆ ಇರಲಿಲ್ಲ. ಬೆಳಗಿನ ಜಾವ ಅಂಗಳ ಸಾರಿಸಿ ಇಟ್ಟ ರಂಗವಲ್ಲಿ, ಹೊಸ್ತಿಲಿಗೆ ಹಚ್ಚಿದ ಅರಿಶಿನ-ಕುಂಕುಮ, ಹತ್ತಿಯನ್ನು ಎಳೆದು ಕುಂಕುಮದ ಚುಕ್ಕೆಯಿಟ್ಟು ಮಾಡಿದ ಗೆಜ್ಜೆವಸ್ತ್ರ, ಚಾತುರ್ಮಾಸ್ಯದಲ್ಲಿ ದಿನವೂ ತಪ್ಪದೆ ಬರೆದ ಮೂವತ್ತಮೂರು ಗೋಪದ್ಮ - ಇವನ್ನು ಮಾಡಿದ ತಾಯಂದಿರಿಗೆ ತಾವು ಕಲಾವಿದೆಯರೆಂಬ ಭಾವನೆ ಎಂದೂ ಬಂದಿರಲಾರದು. ಮಧ್ಯಾಹ್ನದ ವೇಳೆಗೆ ಕಾಲಡಿಯಲ್ಲಿ ರಂಗವಲ್ಲಿ ಅಳಿಸಿಹೋಗುತ್ತಿತ್ತು. ಮರುದಿನ ಮತ್ತೆ ಹೊಸದು. ಹೀಗೆ ದಿನದಿನವೂ ಹುಟ್ಟಿ ದಿನದಿನವೂ ಅಳಿಯುವ ಚೆಲುವಿನ ನಡುವೆ, ಅಳಿಯದೆ ನಿಂತಿದ್ದ ಬಣ್ಣವೊಂದಿತ್ತು: ದೇವರಮನೆಯ ಗೋಡೆಯ ಮೇಲಿನ ಪಟಗಳು. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣಾಪಾಣಿಯಾದ ಸರಸ್ವತಿ, ಸೀತಾಲಕ್ಷ್ಮಣಸಮೇತನಾದ ರಾಮಚಂದ್ರ, ಬೆಣ್ಣೆಕೃಷ್ಣ.

ಈ ಪಟಗಳು ಅನಾದಿಯಿಂದಲೂ ನಮ್ಮ ಮನೆಗಳಲ್ಲಿದ್ದವೆಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಇವುಗಳ ವಯಸ್ಸು ನೂರೈವತ್ತು ವರ್ಷಗಳನ್ನು ಮೀರದು. ಇವು ಹೇಗೆ ಬಂದವು, ಯಾರ ಯೋಚನೆಯಿಂದ ಬಂದವು, ಬಂದ ಮೇಲೆ ನಮ್ಮ ನಿತ್ಯಜೀವನದಲ್ಲಿ ಏನನ್ನು ಬದಲಿಸಿದವು ಎಂಬುದನ್ನು ಸ್ಮರಿಸುವುದು ಈ ಲೇಖನದ ಉದ್ದೇಶ. ಈ ಕಥೆಯ ಆರಂಭದಲ್ಲಿಯೇ ಮಾಧ್ವ ಮನೆತನದ ಹಿರಿಯರೊಬ್ಬರ ಹೆಸರು ಬರುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಅದಕ್ಕಿಂತ ಮೊದಲು ಬಣ್ಣದ ಚಿತ್ರ ಎಲ್ಲಿತ್ತು? ದೇವಾಲಯದ ಛತ್ತಿನಲ್ಲಿತ್ತು, ಅರಮನೆಯ ಗೋಡೆಯಲ್ಲಿತ್ತು. ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ, ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಕತ್ತೆತ್ತಿ ನೋಡಿದವರಿಗೆ ವಿಜಯನಗರದ ಚಿತ್ರಕಾರರ ಕೈಚಳಕ ಇಂದಿಗೂ ಕಾಣುತ್ತದೆ. ಆ ಪರಂಪರೆಯೇ ಮುಂದೆ ಮೈಸೂರಿಗೂ ತಂಜಾವೂರಿಗೂ ಹರಿದು ಎರಡು ಶೈಲಿಗಳಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಮೈಸೂರು ಶೈಲಿ ಪರಿಪಕ್ವವಾಯಿತು. ಆ ಚಿತ್ರವೊಂದನ್ನು ಮಾಡುವ ಶ್ರಮವನ್ನು ನೋಡಿ: ಹಲಗೆಗೆ ಅಂಟಿಸಿದ ಕಾಗದ ಅಥವಾ ಬಟ್ಟೆಯ ಮೇಲೆ ಹುಣಸೆಕಡ್ಡಿಯ ಇದ್ದಿಲಿನಿಂದ ರೇಖೆ ಎಳೆಯಬೇಕು, ಒಡವೆ, ಸಿಂಹಾಸನ, ಪ್ರಭಾವಳಿಗಳ ಜಾಗದಲ್ಲಿ 'ಮಕ್ಕಿ ಸಫೇದ'ವೆಂಬ ಲೇಪವನ್ನು ಕುಂಚದಿಂದ ತೆಳುವಾಗಿ ಏರಿಸಿ ಉಬ್ಬು ಕೊಡಬೇಕು, ಅದರ ಮೇಲೆ ಬಂಗಾರದ ರೇಕು ಅಂಟಿಸಿ ಉಜ್ಜಬೇಕು, ಆಮೇಲೆ ಬಣ್ಣ. ಒಂದು ಚಿತ್ರಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಇಂಥದ್ದನ್ನು ಅರಮನೆಯವರು, ಮಠಗಳವರು, ಸಿರಿವಂತ ಸಾಹುಕಾರರು ಬರೆಸಬಲ್ಲವರಾಗಿದ್ದರು. ಪಂಚಾಂಗ ನೋಡಿ ಜೀವಿಸುತ್ತಿದ್ದ ಪುರೋಹಿತರ ಮನೆಯಲ್ಲಾಗಲಿ, ಶಾನುಭೋಗರ ಮನೆಯಲ್ಲಾಗಲಿ ಅದು ಬರುವ ಮಾತೇ ಇರಲಿಲ್ಲ. ಅಲ್ಲಿ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮಗಳು, ಒಂದೆರಡು ಲೋಹದ ಪ್ರತಿಮೆಗಳು. ಗೋಡೆ ಬರಿದು, ಸುಣ್ಣದ ಬಿಳುಪು ಮಾತ್ರ.

ಈ ಬರಿಗೋಡೆಯನ್ನು ತುಂಬಿದ್ದು ಕಲ್ಲಚ್ಚು. ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ವಿದ್ಯೆಯನ್ನು 18ನೆಯ ಶತಮಾನದ ಕೊನೆಯಲ್ಲಿ ಸೆನೆಫೆಲ್ಡರ್ ಎಂಬವನು ಕಂಡುಹಿಡಿದ. ನಮ್ಮ ದೇಶದಲ್ಲಿ ದೇವತಾಚಿತ್ರಗಳನ್ನು ಹೀಗೆ ಬಣ್ಣದಲ್ಲಿ ಅಚ್ಚುಹಾಕುವ ಉದ್ಯಮವು ಏಕಕಾಲಕ್ಕೆ ಎರಡು ಕಡೆ ತಲೆಯೆತ್ತಿತು. 1878ರಲ್ಲಿ ಕೋಲ್ಕತ್ತೆಯಲ್ಲಿ ಕಲ್ಕತ್ತಾ ಆರ್ಟ್ ಸ್ಟುಡಿಯೋ, ಅದೇ ವರ್ಷ ಪುಣೆಯಲ್ಲಿ ಚಿತ್ರಶಾಳಾ ಮುದ್ರಣಾಲಯ ಆರಂಭವಾದವು. ಚಿತ್ರಶಾಳೆಯ ಸ್ಥಾಪಕರಲ್ಲಿ ಪ್ರಮುಖರು ಮರಾಠಿ ಗದ್ಯದ ಧುರೀಣರಾದ ವಿಷ್ಣುಶಾಸ್ತ್ರಿ ಚಿಪಳೂಣಕರರು. ಪುಣೆಯ ಪೇಠೆಗಳ ಮನೆಗಳಿಗೂ, ಅಲ್ಲಿಂದ ನಮ್ಮ ಬೆಳಗಾವಿ-ಧಾರವಾಡಗಳ ಕಡೆಗೂ ಇಂಥ ಪಟಗಳು ಹರಡಿದವು. ಆದರೆ ಮನೆಮನೆಯ ಗೋಡೆಯನ್ನು ಗೆದ್ದ ಚಿತ್ರಗಳು ಇನ್ನೂ ಹದಿನೈದು ವರ್ಷ ಕಳೆದು ಬರಬೇಕಾಗಿತ್ತು. ಅದರ ಬೀಜವನ್ನು ಬಿತ್ತಿದವರು ಸರ್ ಟಿ. ಮಾಧವರಾಯರು.

ಮಾಧವರಾಯರು ಕುಂಭಕೋಣದಲ್ಲಿ 1828ರಲ್ಲಿ, ತಂಜಾವೂರು ಪ್ರಾಂತದಲ್ಲಿ ನೆಲೆಸಿದ್ದ ದೇಶಸ್ಥ ಮಾಧ್ವ ಮನೆತನದಲ್ಲಿ ಜನಿಸಿದರು. ಮನೆಮಾತು ಮರಾಠಿ, ಓದಿದ್ದು ಮದರಾಸಿನಲ್ಲಿ. ತಿರುವಾಂಕೂರಿನ ರಾಜಕುಮಾರರಿಗೆ ಪಾಠ ಹೇಳಲು ಹೋದವರು ಮೂವತ್ತರ ಆಸುಪಾಸಿನಲ್ಲಿಯೇ ಆ ಸಂಸ್ಥಾನದ ದಿವಾನರಾದರು; 1872ರವರೆಗೆ ಆ ಪದವಿಯಲ್ಲಿದ್ದು, ಅನಂತರ ಇಂದೂರಿನಲ್ಲಿಯೂ 1875ರಿಂದ 1882ರವರೆಗೆ ಬರೋಡೆಯಲ್ಲಿಯೂ ಆಡಳಿತ ನಡೆಸಿದರು. ಮೂರು ಸಂಸ್ಥಾನಗಳ ಲೆಕ್ಕಪತ್ರವನ್ನು ನೇರ್ಪುಗೊಳಿಸಿದ ಆಡಳಿತಗಾರರೆಂದು ಇತಿಹಾಸ ಅವರನ್ನು ಬಣ್ಣಿಸುತ್ತದೆ. ಆದರೆ ತಿರುವಾಂಕೂರಿನಲ್ಲಿದ್ದಾಗ ಅರಮನೆಯಲ್ಲಿ ಚಿತ್ರ ಬರೆಯುತ್ತಿದ್ದ ಕಿಳಿಮಾನೂರಿನ ತರುಣನೊಬ್ಬನನ್ನು ಅವರು ಗುರುತಿಟ್ಟುಕೊಂಡಿದ್ದರು. ಆತನೇ ರವಿವರ್ಮ. 1881ರಲ್ಲಿ ಸಯಾಜಿರಾವ್ ಗಾಯಕವಾಡರಿಗೆ ಪೂರ್ಣಾಧಿಕಾರ ದೊರೆತ ಸಂದರ್ಭದಲ್ಲಿ ರವಿವರ್ಮರನ್ನು ಬರೋಡೆಗೆ ಕರೆಸಿದವರೂ ಇವರೇ. ಮೂರು ವರ್ಷಗಳ ಅನಂತರ, 1884ರಲ್ಲಿ, ಮಾಧವರಾಯರು ರವಿವರ್ಮರಿಗೆ ಒಂದು ಪತ್ರ ಬರೆದರು. ನಿಮ್ಮ ಚಿತ್ರಗಳನ್ನು ಬಯಸುವವರು ಅನೇಕರಿದ್ದಾರೆ, ನಿಮಗಿರುವುದು ಎರಡೇ ಕೈ. ಆಯ್ದ ಕೆಲವನ್ನು ಯೂರೋಪಿಗೆ ಕಳುಹಿಸಿ ಬಣ್ಣದಲ್ಲಿ ಅಚ್ಚುಹಾಕಿಸಿದರೆ ನಿಮ್ಮ ಕೀರ್ತಿಯೂ ಬೆಳೆದೀತು, ದೇಶಕ್ಕೂ ಸೇವೆಯಾದೀತು - ಇದು ಆ ಪತ್ರದ ತಾತ್ಪರ್ಯ. ಜಮಾಖರ್ಚಿನ ನಡುವೆ ಬಾಳಿದ ದಿವಾನರೊಬ್ಬರು ಚಿತ್ರಕಲೆಯನ್ನು ಜನಸಾಮಾನ್ಯರ ಮನೆಗೆ ತಲುಪಿಸುವುದನ್ನು ದೇಶಸೇವೆಯೆಂದು ಕರೆದರಲ್ಲ, ಅದು ಅಂದಿನ ಕಾಲಕ್ಕೆ ಸಾಮಾನ್ಯವಾದ ದೃಷ್ಟಿಯಲ್ಲ.

ರವಿವರ್ಮರು ಆ ಸಲಹೆಯನ್ನು ಒಡನೆಯೇ ಕೈಗೊಳ್ಳಲಿಲ್ಲ. 1848ರಲ್ಲಿ ಹುಟ್ಟಿದ ಅವರು ಆಗ ಕೀರ್ತಿಯ ಏರುಮುಖದಲ್ಲಿದ್ದರು. (ಚಿತ್ರಕಲೆಯನ್ನು ವೃತ್ತಿಯಾಗಿ ಹಿಡಿಯುವ ಮುನ್ನ ಅವರು ನಮ್ಮ ಕೊಲ್ಲೂರಿಗೆ ಯಾತ್ರೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತಸ್ಥರಾಗಿದ್ದರೆಂದೂ, ಹಿಂದಿರುಗುವ ದಾರಿಯಲ್ಲಿಯೇ ಮೊದಲ ಸಂಭಾವನೆಯ ಕೆಲಸ ಕಲ್ಲಿಕೋಟೆಯಲ್ಲಿ ಒದಗಿತೆಂದೂ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.) 1888ರಲ್ಲಿ ಬರೋಡೆಯ ಮಹಾರಾಜರು ತಮ್ಮ ಲಕ್ಷ್ಮೀವಿಲಾಸ ಅರಮನೆಗಾಗಿ ಹದಿನಾಲ್ಕು ಪುರಾಣಚಿತ್ರಗಳನ್ನು ಬರೆಯಿಸಿದರು. ಅವು ಅರಮನೆ ಸೇರುವ ಮುನ್ನ ತಿರುವನಂತಪುರದಲ್ಲಿಯೂ ಮುಂಬಯಿಯಲ್ಲಿಯೂ ಸಾರ್ವಜನಿಕ ಪ್ರದರ್ಶನಕ್ಕೆ ಬಂದಾಗ ಜನ ಮುಗಿಬಿದ್ದು ನೋಡಿದರು. ನಳ-ದಮಯಂತಿಯರನ್ನೂ ರಾಧಾ-ಮಾಧವರನ್ನೂ ಕೃಷ್ಣ-ದೇವಕಿಯರನ್ನೂ ಕಥೆಯಲ್ಲಿ ಕೇಳಿದ್ದವರಿಗೆ ಅವರು ಮೈತುಂಬಿ, ನೆರಳು-ಬೆಳಕಿನಲ್ಲಿ ಎದುರು ನಿಂತಂತಾಯಿತು. ಆ ಜನಸಂದಣಿಯನ್ನು ಕಂಡಾಗ ದಿವಾನರ ಹಳೆಯ ಪತ್ರ ರವಿವರ್ಮರ ನೆನಪಿಗೆ ಬಂದಿರಬೇಕು.

1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ರವಿವರ್ಮ ಮುದ್ರಣಾಲಯ ಆರಂಭವಾಯಿತು. ಯಂತ್ರಗಳು ಜರ್ಮನಿಯಿಂದ ಬಂದವು, ಅವನ್ನು ನಡೆಸಬಲ್ಲ ಕುಶಲಿಗಳೂ ಅಲ್ಲಿಂದಲೇ ಬಂದರು. ಮೊದಲು ಹೊರಬಂದ ಚಿತ್ರ ಶಕುಂತಲೆಯ ಜನನ. ಮಾಧವರಾಯರು ಅದನ್ನು ನೋಡಲಿಲ್ಲ; 1891ರಲ್ಲಿಯೇ ಅವರು ತೀರಿಕೊಂಡಿದ್ದರು.

ಒಂದು ಪಟ ಅಚ್ಚಾಗುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ತಿಳಿಯದೆ 'ಬಜಾರಿನ ಚಿತ್ರ'ವೆಂದು ಅಸಡ್ಡೆ ಮಾಡುವವರು ಬಹಳ. ಎಣ್ಣೆಗೂ ನೀರಿಗೂ ಸೇರದೆಂಬ, ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯ ಮೇಲೆಯೇ ಈ ವಿದ್ಯೆಯೆಲ್ಲ ನಿಂತಿದೆ. ಜಿಡ್ಡಿನ ಸೀಮೆಸುಣ್ಣದಂಥ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಜಿಡ್ಡಿದ್ದ ಕಡೆ ನೀರು ನಿಲ್ಲದು, ನೀರಿದ್ದ ಕಡೆ ಎಣ್ಣೆಯ ಶಾಯಿ ನಿಲ್ಲದು. ಕಾಗದವನ್ನೊತ್ತಿದರೆ ಚಿತ್ರ ಮಾತ್ರ ಮೂಡುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಲಕ್ಷ್ಮಿಯ ಕೆನ್ನೆಯ ಹಳದಿಗೆ ಬೇರೆ, ಅದರ ಮೇಲಿನ ನಸುಗೆಂಪಿಗೆ ಬೇರೆ, ಸೀರೆಯ ಮಡಿಕೆಯ ನೆರಳಿಗೆ ಮತ್ತೊಂದು. ಮೂಲಚಿತ್ರದಲ್ಲಿ ಒಂದಾಗಿ ಕಾಣುವ ಬಣ್ಣವನ್ನು ಕಣ್ಣಿನಿಂದಲೇ ಬಿಡಿಸಿ, ಯಾವ ಕಲ್ಲಿನ ಮೇಲೆ ಎಷ್ಟು ಚುಕ್ಕೆ ಎಂಬುದನ್ನು ನಿರ್ಧರಿಸಿ, ಸಾವಿರಾರು ಚುಕ್ಕೆಗಳನ್ನು ಕೈಯಿಂದಲೇ ಇಡಬೇಕು. ಅದೇ ಹಾಳೆಯನ್ನು ಒಂದಾದ ಮೇಲೊಂದರಂತೆ ಕಲ್ಲುಗಳ ಮೇಲೆ ಒತ್ತುತ್ತಾ ಹೋಗುವಾಗ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಹರಿಯುತ್ತದೆ. ಕೊನೆಯಲ್ಲಿ ಮೇಲೊಂದು ವಾರ್ನಿಷ್ ಕೊಟ್ಟು ತೈಲಚಿತ್ರದ ಹೊಳಪು ಬರುವಂತೆ ಮಾಡುತ್ತಿದ್ದರು. ನಮ್ಮ ಮನೆಗಳಿಗೆ ಬಂದ ಅಗ್ಗದ ಪಟದ ಹಿಂದೆ ಇಷ್ಟು ಕೈಗಳ ಕೆಲಸವಿತ್ತು.

ಮುಂಬಯಿಯಲ್ಲಿ 1896ರಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನ ಊರು ಬಿಟ್ಟರು. ಮುದ್ರಣಾಲಯಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಗಿರಗಾಂವದಿಂದ ಘಾಟ್‌ಕೋಪರಕ್ಕೆ, ಅಲ್ಲಿಂದ 1899ರಲ್ಲಿ ಲೋಣಾವಳದ ಹತ್ತಿರದ ಮಳವಲಿಗೆ ಅದು ಸ್ಥಳಾಂತರಗೊಂಡಿತು. ಮುಂಬಯಿ-ಪುಣೆಗಳ ನಡುವೆ ರೈಲಿನಲ್ಲಿ ಓಡಾಡುವ ನಮ್ಮವರು ಕಾರ್ಲೆಯ ಗುಹೆಗಳ ಸಮೀಪದ ಈ ಪುಟ್ಟ ನಿಲ್ದಾಣವನ್ನು ಎಷ್ಟು ಬಾರಿ ದಾಟಿದ್ದಾರೋ! ಸಾಲ ಏರಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ರವಿವರ್ಮರು ಅದನ್ನು ತಮ್ಮಲ್ಲಿ ಕುಶಲಿಯಾಗಿ ಬಂದಿದ್ದ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ಗೃಹಸ್ಥರಿಗೆ ಮಾರಿದರು. ಜೊತೆಯಲ್ಲಿಯೇ ಕುಂಚ ಹಿಡಿದು ದುಡಿಯುತ್ತಿದ್ದ ತಮ್ಮ ರಾಜರಾಜವರ್ಮರು 1905ರ ಜನವರಿಯಲ್ಲಿ ತೀರಿಹೋದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಒಂಬತ್ತು ಚಿತ್ರಗಳ ಕೆಲಸವನ್ನು ನಿರ್ವಹಿಸಿದ ಮೇಲೆ, 1906ರ ಅಕ್ಟೋಬರಿನಲ್ಲಿ ರವಿವರ್ಮರೂ ಕಣ್ಣುಮುಚ್ಚಿದರು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅವರ ಚಿತ್ರಗಳ ಮುಂದೆ ಇಂದಿಗೂ ನಿಲ್ಲುತ್ತಾರೆ.

ಮುದ್ರಣಾಲಯದ ಯಜಮಾನರು ಬದಲಾದರೂ ಪಟಗಳು ನಿಲ್ಲಲಿಲ್ಲ. ಅವು ಮನೆಗೆ ಬಂದ ಮೇಲೆ ಆದದ್ದೇನು? ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಸ್ವಾರಸ್ಯವಿರುವುದು ಇಲ್ಲಿಯೇ. ಮಾಧ್ವರ ಮನೆಗಳಲ್ಲಿ ನಿತ್ಯಾರಾಧನೆಯು ಸಾಲಿಗ್ರಾಮ-ಪ್ರತಿಮೆಗಳಿಗೆ. ಮಡಿಯುಟ್ಟು ಅಭಿಷೇಕ ಮಾಡುವವರು ಗಂಡಸರು. ಹೆಂಗಸರು ಸಾಲಿಗ್ರಾಮವನ್ನು ಮುಟ್ಟುವ ರೂಢಿ ಇರಲಿಲ್ಲ. ನೀರು ಹೊರುವುದು, ಹೂ ಕಟ್ಟುವುದು, ಗಂಧ ತೇಯುವುದು, ನೈವೇದ್ಯಕ್ಕೆ ಅಡುಗೆ ಮಾಡುವುದು ಅವರ ಪಾಲಿನದು. ಗೋಡೆಯ ಮೇಲಿನ ಪಟ ಬಂದಾಗ ಹೆಂಗಸರಿಗೆ ತಮ್ಮ ಕೈಯಾರೆ ಅಲಂಕರಿಸಬಹುದಾದ ದೇವರೊಂದು ದೊರೆಯಿತು. ಗಾಜಿನ ಮೇಲೆ ಕುಂಕುಮದ ಬೊಟ್ಟು, ಕಟ್ಟಿನ ಮೂಲೆಗೆ ಮಲ್ಲಿಗೆಯ ಎಸಳು, ಶುಕ್ರವಾರಕ್ಕೆ ಒಂದು ಮಾಲೆ, ಶ್ರಾವಣದಲ್ಲಿ ಅದೇ ಪಟದ ಮುಂದೆ ಸಂಪತ್‌ಶುಕ್ರವಾರದ ಹಾಡು. ಅಷ್ಟಕ್ಕೇ ತೃಪ್ತಿಪಡದವರು ಪಟವನ್ನು ಕಟ್ಟಿನಿಂದ ಬಿಚ್ಚಿ, ಅಚ್ಚಾದ ಸೀರೆಯ ಮೇಲೆಯೇ ನಿಜವಾದ ಬಟ್ಟೆಯನ್ನು ನೆರಿಗೆಹಿಡಿದು ಹೊಲಿದರು. ಅಂಚಿಗೆ ಜರಿ, ಕಿರೀಟಕ್ಕೆ ಚಮಕಿ, ಕೊರಳಿಗೆ ಮಣಿಸರ. ಜರ್ಮನಿಯ ಯಂತ್ರದಿಂದ ಒಂದೇ ಅಚ್ಚಿನಲ್ಲಿ ಸಾವಿರಾರು ಹೊರಬಂದ ಲಕ್ಷ್ಮಿಯು ಹೀಗೆ ಮನೆಮನೆಯಲ್ಲಿ ಬೇರೆ ಬೇರೆಯಾದಳು. ಇಂಥ ಜರಿ-ಚಮಕಿಯ ಪಟಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಿದ್ದಾರೆ. ಹೊಲಿದವರ ಹೆಸರು ಮಾತ್ರ ಯಾವುದರ ಮೇಲೂ ಇರುವುದಿಲ್ಲ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ರವಿವರ್ಮರ ಲಕ್ಷ್ಮಿ-ಸರಸ್ವತಿಯರು ಉಟ್ಟಿದ್ದು ಮನೆಯ ಗೃಹಿಣಿ ಹಬ್ಬಕ್ಕೆ ಉಡುವಂಥ ಸೀರೆ. ಅಂಚು, ಸೆರಗು, ನೆರಿಗೆ, ಬಳೆ ಎಲ್ಲವೂ ಪರಿಚಿತವಾದವು. ಕಂಡವರಿಗೆ ದೇವಿಯು ಹತ್ತಿರದವಳೆನಿಸಿದಳು. ಜೊತೆಗೇ, ತಾನು ಉಡುವ ಸೀರೆಗೂ ಒಂದು ಘನತೆ ಬಂದಂತೆ ಗೃಹಿಣಿಗೆ ತೋರಿರಬೇಕು. ದೇವಾಲಯದೊಳಗೆ ಪ್ರವೇಶವೇ ಇಲ್ಲದಿದ್ದ ಜಾತಿಗಳವರ ಮನೆಗಳಿಗೂ ಇದೇ ಪಟಗಳು ತಲುಪಿದವು. ರವಿವರ್ಮರ ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆ ಹೊರಟದ್ದು 1936ರ ನವೆಂಬರಿನಲ್ಲಿ. ಪಟದ ಲಕ್ಷ್ಮಿ ಅದಕ್ಕೆ ನಾಲ್ಕು ದಶಕ ಮೊದಲೇ ಎಲ್ಲರ ಗುಡಿಸಲಿಗೂ ಹೋಗಲು ಸಿದ್ಧಳಿದ್ದಳು. ಈ ಮಾತನ್ನು ನಾವು, ಮಡಿ-ಮೈಲಿಗೆಗಳ ಮನೆಗಳಿಂದ ಬಂದವರು, ಮರೆಯದೆ ನೆನೆಯಬೇಕಾದದ್ದು ನ್ಯಾಯ.

ಊರು ಬಿಟ್ಟವರ ಪಾಲಿಗಂತೂ ಪಟವೇ ಊರು. ಕಡೆಗೋಲು ಹಿಡಿದ ಉಡುಪಿಯ ಕೃಷ್ಣ, ಮಂತ್ರಾಲಯದ ಬೃಂದಾವನ, ತಿರುಪತಿಯ ಶ್ರೀನಿವಾಸ, ಪಂಢರಪುರದ ವಿಠ್ಠಲ - ಕ್ಷೇತ್ರದಲ್ಲಿ ಸರದಿಯಲ್ಲಿ ನಿಂತು ಕ್ಷಣಕಾಲ ಕಂಡ ಮೂರ್ತಿ, ರಥಬೀದಿಯ ಅಂಗಡಿಯಿಂದ ಸುರುಳಿ ಸುತ್ತಿಕೊಂಡು ತಂದ ಹಾಳೆಯಲ್ಲಿ ಮುಂಬಯಿಯ ಚಾಳಿನ ಹತ್ತಡಿ ಕೋಣೆಗೂ ಬಂದು ನೆಲೆಸಿತು. ಮಾತುಂಗಾ, ದಾದರ, ಮದರಾಸು, ಹೈದರಾಬಾದುಗಳ ಉಡುಪಿ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆಯೇ ಮೊದಲ ಕಾಫಿ ಹೊರಡುತ್ತಿದ್ದುದನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಈ ಚಿತ್ರಗಳನ್ನು ಕಟುವಾಗಿ ವಿಮರ್ಶಿಸಿದವರೂ ಇದ್ದರು. ಆನಂದ ಕುಮಾರಸ್ವಾಮಿಯವರಿಗೂ ಸೋದರಿ ನಿವೇದಿತಾ ಅವರಿಗೂ ರವಿವರ್ಮರ ದೇವತೆಗಳಲ್ಲಿ ನಾಟಕದ ವೇಷ ಕಂಡಿತೇ ಹೊರತು ಭಾರತೀಯ ಧ್ಯಾನದೃಷ್ಟಿ ಕಾಣಲಿಲ್ಲ. ಅವನೀಂದ್ರನಾಥ ಠಾಕೂರರ ಸುತ್ತ ಬೆಳೆದ ಬಂಗಾಳದ ಪಂಥ ಬೇರೆಯೇ ದಾರಿ ಹಿಡಿಯಿತು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಅಲ್ಲಿಯೇ ಅಭ್ಯಾಸ ಮಾಡಿ ಬಂದವರು. ವಿಮರ್ಶಕರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಮೈಸೂರು ಶೈಲಿಯ ದೇವಿಯ ಮುಖದಲ್ಲಿರುವ ನಿಶ್ಚಲತೆ ಅಚ್ಚಿನ ಪಟದ ದೇವಿಯಲ್ಲಿ ಇಲ್ಲ. ಆದರೆ ಅವರು ಚಿತ್ರವನ್ನು ಪ್ರದರ್ಶನಶಾಲೆಯಲ್ಲಿಟ್ಟು ನೋಡಿದರು; ಅದು ಬದುಕಿದ್ದು ಅಡುಗೆಮನೆಯ ಹೊಗೆ ತಾಗುವ ಗೋಡೆಯ ಮೇಲೆ, ಎರಡು ಹೊತ್ತು ದೀಪ ಹಚ್ಚುವ ಕೈಗಳ ಎದುರು. ಅಲ್ಲಿ ಅದು ಮಾಡಿದ ಕೆಲಸವನ್ನು ಅರಮನೆಯ ಯಾವ ಚಿತ್ರವೂ ಮಾಡಲಾರದಾಗಿತ್ತು.

ಮುಂದಿನ ಕಥೆಯನ್ನು ಬೇಗನೆ ಹೇಳಿಬಿಡಬಹುದು. ಮುಂದೆ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಳ್ಕೆಯವರು 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ತೆರೆಗೆ ತರುವ ಮುನ್ನ ಇದೇ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದರು. ಸಾಬೂನು, ಗ್ರೈಪ್ ವಾಟರ್, ಗಿರಣಿಬಟ್ಟೆಗಳ ಜಾಹೀರಾತಿಗೂ ದೇವತೆಗಳು ಬಂದರು, ಪಟವು ಕ್ಯಾಲೆಂಡರಾಯಿತು. ತಮಿಳುನಾಡಿನ ಕೋವಿಲ್‌ಪಟ್ಟಿಯಲ್ಲಿ ಕೊಂಡಯ್ಯರಾಜು (1898-1976), ಮುಂಬಯಿಯಲ್ಲಿ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು (1916-1993) ಆ ಪರಂಪರೆಯ ದೊಡ್ಡ ಹೆಸರುಗಳು. ಕಲ್ಲಚ್ಚಿನ ಜಾಗಕ್ಕೆ ಶಿವಕಾಶಿಯ ಆಫ್‌ಸೆಟ್ ಯಂತ್ರಗಳು ಬಂದವು. ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಉಳಿದಿರುವುದು ಮನೆಗಳಲ್ಲಿರುವ ಪಟಗಳು. ಅವೂ ಈಗ ವೇಗವಾಗಿ ಮರೆಯಾಗುತ್ತಿವೆ. ಮುಂಬಯಿ-ಪುಣೆಗಳಲ್ಲಿ ಹಳೆಯ ಚಾಳುಗಳೂ ವಾಡೆಗಳೂ ಉರುಳಿ ಬಹುಮಹಡಿಯ ಕಟ್ಟಡಗಳೇಳುತ್ತಿರುವಾಗ, ಹೊಸ ಫ್ಲಾಟಿನ ಬಿಳಿಗೋಡೆಗೆ ಮೊಳೆ ಹೊಡೆಯಲು ಮನಸ್ಸಾಗದೆ, ಅಜ್ಜಿಯ ಕಾಲದ ಪಟಗಳನ್ನು ಅಶ್ವತ್ಥಕಟ್ಟೆಯ ಬುಡದಲ್ಲಿಟ್ಟು ಕೈಮುಗಿದು ಬರುವವರನ್ನು ನಾವು ಕಾಣುತ್ತೇವೆ. ಗಾಜು ಒಡೆದ ಪಟವನ್ನು ಮನೆಯಲ್ಲಿಡಬಾರದೆಂಬ ನಂಬಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಗಾಜು ಒಡೆದಿದ್ದರೆ ಗಾಜನ್ನು ಬದಲಿಸಬಹುದಲ್ಲ!

ತಮ್ಮಲ್ಲಿ ಹಳೆಯ ಪಟವಿದ್ದವರು ಒಮ್ಮೆ ಕೆಳಗಿನ ಅಂಚನ್ನು ನೋಡಬೇಕು. ಕಟ್ಟಿನೊಳಗೆ ಅರ್ಧ ಮುಚ್ಚಿದಂತೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಣಾಲಯದ ಹೆಸರು, 'ಕಾರ್ಲಾ-ಲೋಣಾವಳ' ಎಂದೋ 'ಪೂನಾ' ಎಂದೋ ಇರಬಹುದು. ಭೂತಗನ್ನಡಿಯಲ್ಲಿ ನೋಡಿದಾಗ ಚುಕ್ಕೆಗಳು ಸಮನಾದ ಸಾಲಿನಲ್ಲಿದ್ದರೆ ಅದು ಈಚಿನ ಯಂತ್ರದ್ದು. ಕೈಯಿಂದಿಟ್ಟಂತೆ ಅಸಮವಾಗಿ ಚೆಲ್ಲಿದ್ದರೆ ಕಲ್ಲಚ್ಚಿನದು. ಅದನ್ನು ಒದ್ದೆಬಟ್ಟೆಯಿಂದ ಒರೆಸಬಾರದು. ಹಬ್ಬದ ಸಡಗರದಲ್ಲಿ ನಮ್ಮವರು ತಪ್ಪದೆ ಮಾಡುವ ಕೆಲಸ ಇದೇ. ಹಾಳೆ ಗಾಜಿಗೆ ಅಂಟಿದ್ದರೆ ಬಲವಂತವಾಗಿ ಬಿಡಿಸಬಾರದು. ಹಿಂಬದಿಯ ಹಳೆಯ ಮರದ ಹಲಗೆ ಕಾಗದವನ್ನು ಕಂದಿಸುತ್ತದೆಯಾದ್ದರಿಂದ ನಡುವೆ ಒಳ್ಳೆಯ ದಪ್ಪಕಾಗದ ಇರಿಸಿ ಹೊಸದಾಗಿ ಕಟ್ಟು ಹಾಕಿಸಬೇಕು. ಬಿಸಿಲು ನೇರ ಬೀಳುವ ಗೋಡೆಯೂ ಬಚ್ಚಲಿಗೆ ತಾಗಿದ ತೇವದ ಗೋಡೆಯೂ ಬೇಡ. ಕಟ್ಟು ಬಿಚ್ಚಿದಾಗ, ಆ ಪಟವನ್ನು ಯಾರು, ಯಾವ ಊರಿನಿಂದ, ಯಾವ ಮದುವೆಗೋ ಗೃಹಪ್ರವೇಶಕ್ಕೋ ತಂದರೆಂಬುದನ್ನು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಹಿಂಬದಿಯಲ್ಲಿರಿಸಿ ಮುಚ್ಚುವುದು. ಸೀರೆಗೆ ಜರಿ ಹೊಲಿದವರ ಹೆಸರು ನೆನಪಿದ್ದರೆ ಅದನ್ನೂ ಬರೆಯುವುದು.